ಮಾನಮ್ಮ ಓದಿ ಹೇಳಿದ ಮಂತ್ರ

ಜೀವನ್ ಬಿಮಾ ನಗರದ ಹಳೇ ಕ್ವಾರ್ಟರ್ಸಿನಲ್ಲಿ ಬೆಳಿಗ್ಗೆ ಎಂಟಾಯಿತೆಂದರೆ ಪಟ್ ಪಟ್ ಪಟ್ ಅಂತ ಒಂದು ಸದ್ದು ಶುರುವಾಗುತ್ತಿತ್ತು. ಮಾನಮ್ಮನ ಜೋಳದ ರೊಟ್ಟಿಯ ಸದ್ದು ಅದು. ಎಪ್ಪತ್ತಾರನೇ ಇಸವಿಯಲ್ಲಿ ಅವಳು ಸುರಪುರದ ಕಡೆಯಿಂದ ಬಂದು ಸೇರಿದ ಹೊಸದರಲ್ಲಿ ಕೆಳಗಿನ ಮನೆಯ ವಿಮಲಾಕ್ಷಿ ಮೆಟ್ಟಿಲು ಹತ್ತಿ ಬಂದು, "ಏನ್ರೀ ಇದು, ಅಡುಗೆಮನೇಲೇ ಬಟ್ಟೆ ಒಗೀತೀರಾ?" ಅಂತ ಕೇಳಿದ್ದಳು. ಮಾನಮ್ಮ ಬಿಸಿ ರೊಟ್ಟಿಗೆ ಬೆಣ್ಣೆ ಸವರಿ, ಮೇಲೊಂದಿಷ್ಟು ಶೇಂಗಾ ಚಟ್ನಿ ಉದುರಿಸಿ ಕೈಗಿಟ್ಟಳು. ವಿಮಲಾಕ್ಷಿ ನಿಂತಲ್ಲೇ ತಿಂದಳು. ವಾರ ಕಳೆಯುವುದರೊಳಗೆ ಸದ್ದು ಹತ್ತು ನಿಮಿಷ ತಡವಾದರೆ ಸಾಕು, "ಮಾನಮ್ಮೋರೇ, ಮೈಗೆ ಹುಷಾರಿಲ್ವಾ?" ಅಂತ ಕೆಳಗಿಂದ ಕೂಗತೊಡಗಿದಳು.

"ಇಷ್ಟೇ ನೋಡು ಈ ಊರ ಮಂದಿ," ಅಂದುಕೊಂಡಳು ಮಾನಮ್ಮ. ಅವತ್ತಿನಿಂದ ಬೆಂಗಳೂರನ್ನು ಅವಳು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

ದ್ವೇಷ ಅಂತಲ್ಲ ಮತ್ತೆ. ಯಾರ ಮೇಲೂ ಒಂದು ದಿನ ಕೂಗಾಡಿದವಳಲ್ಲ. ಸುಮ್ಮನೆ ತುಟಿಯ ಒಂದು ಮೂಲೆ ಕೆಳಗೆ ಎಳೆದುಬಿಡುತ್ತಿದ್ದಳು, ಅಷ್ಟೇ. ಸಾರಿಗೆ ಬೆಲ್ಲ ಹಾಕುವವರನ್ನು ಕಂಡರೆ ತುಟಿ ಕೆಳಗೆ. ನಾಯಿಗೆ ಸ್ವೆಟರ್ ತೊಡಿಸಿ ವಾಕಿಂಗ್ ಕರೆದೊಯ್ಯುವ ಇಂದಿರಾನಗರದವರನ್ನು ಕಂಡರೆ ಇನ್ನೂ ಕೆಳಗೆ. ಆದರೆ ಆ ತುಟಿಗೆ ಅತಿ ಹೆಚ್ಚು ಕೆಲಸ ಕೊಟ್ಟವರು ಅವಳ ಯಜಮಾನರೇ, ಭಗವಂತರಾಯರು.

ಭಗವಂತರಾಯರು ವಿಮಾ ಆಫೀಸಿನಲ್ಲಿ ಗುಮಾಸ್ತರಾಗಿ ಸೇರಿ ಸೂಪರಿಂಟೆಂಡೆಂಟರಾಗಿ ಎರಡು ಸಾವಿರದ ಇಸವಿಯಲ್ಲಿ ನಿವೃತ್ತರಾಗಿ, ಇದ್ದ ಕ್ವಾರ್ಟರ್ಸಿನ ಮನೆಯನ್ನೇ ಕೊಂಡುಕೊಂಡವರು. ಅವರ ತಂದೆ ಶಹಾಪುರದಲ್ಲಿ ಇನ್ನೊಬ್ಬರ ಬಟ್ಟೆ ಅಂಗಡಿಯಲ್ಲಿ ನಿಂತು ಗಜಕಡ್ಡಿ ಹಿಡಿದು ಬಟ್ಟೆ ಅಳೆಯುತ್ತಿದ್ದರು. ಮರ್ಯಾದೆಯ ಕೆಲಸವೇ. ಆದರೆ ಮಗ ಬೆಂಗಳೂರು ಮುಟ್ಟಿದ್ದೇ ತಡ, ಆ ತಂದೆ ವಾಡೆಯ ಧಣಿಯಾಗಿಬಿಟ್ಟರು. ಎಂಬತ್ತರಲ್ಲಿ ಆ ವಾಡೆಗೆ ಎಂಟು ಕಂಬ ಇದ್ದವು. ಎಂಬತ್ತೈದಕ್ಕೆ ಹದಿನಾರಾದವು. ರಿಟೈರಾಗುವ ಹೊತ್ತಿಗೆ ಅಂಗಳದಲ್ಲಿ ಆನೆ ಕಟ್ಟುವ ಕಲ್ಲು ಬಂತು. ಇದನ್ನೆಲ್ಲ ಪಡಸಾಲೆಯಲ್ಲಿ ಕೂತವರಿಗೆ ಅವರು ಹೇಳುವಾಗ ಒಳಗೆ ರೊಟ್ಟಿ ಬಡಿಯುತ್ತಿದ್ದ ಮಾನಮ್ಮ ಕೈ ಜೋರು ಮಾಡುತ್ತಿದ್ದಳು. ಗಂಡನ ಮಾತು ಅರ್ಧ ಕೇಳಿಸದಿರಲಿ ಎಂಬ ಪುಣ್ಯದ ಕೆಲಸ ಅದು.

ಅವಳ ಅಪ್ಪ ಸಂಗನಬಸಪ್ಪ ಚಿತ್ರಗಾರ. ಸುರಪುರದ ಓಣಿಯೊಂದರಲ್ಲಿ ಕೂತು ಹಲಗೆಗೆ ಬಟ್ಟೆ ಅಂಟಿಸಿ, ಬಣ್ಣ ಅರೆದು, ಚಿನ್ನದ ರೇಕು ಹಚ್ಚಿ ದೇವರ ಚಿತ್ರ ಬರೆಯುತ್ತಿದ್ದವನು. ಚಿತ್ರದ ಮುಂದೆ ಅವನು ಹೆಸರು ಹಾಕುತ್ತಿರಲಿಲ್ಲ. ದೇವರ ಪಾದದ ಬುಡದಲ್ಲಿ ತನ್ನ ಹೆಸರು ಯಾಕೆ ಅನ್ನುವ ಸಂಕೋಚ. ಬರೆದದ್ದೆಲ್ಲ ಊರವರ ಮನೆಗೆ ಹೋಗಿತ್ತು. ಮನೆಗೆಂದು ಉಳಿದದ್ದು ಒಂದೇ: ಉಯ್ಯಾಲೆಯ ಮೇಲೆ ಕೂತ ಗೌರಿ. ಮಗಳು ಕ್ವಾರ್ಟರ್ಸಿಗೆ ಬಂದಾಗ ಆ ಮುದುಕ ಅದನ್ನು ಕಂಬಳಿಯಲ್ಲಿ ಸುತ್ತಿ, ಯಾದಗಿರಿಯಲ್ಲಿ ರೈಲು ಹತ್ತಿ, ರಾತ್ರಿಯಿಡೀ ತೊಡೆಯ ಮೇಲಿಟ್ಟುಕೊಂಡು, ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಇಳಿದಿದ್ದ. ದೇವರ ಗೂಡಿನಲ್ಲಿ ಅದನ್ನಿಟ್ಟು, ಎರಡು ರೊಟ್ಟಿ ತಿಂದು, ಮರುದಿನದ ರೈಲಿಗೇ ಹೋದ. ಆ ವರ್ಷವೇ ತೀರಿಕೊಂಡ.

ಇಪ್ಪತ್ತಾರು ವರ್ಷ ಗೌರಿ ಆ ಗೂಡಿನಲ್ಲಿ ಎಣ್ಣೆದೀಪದ ಬೆಳಕಿನಲ್ಲಿ ಉಯ್ಯಾಲೆಯಾಡಿದಳು. ಎರಡು ಸಾವಿರದ ಎರಡರಲ್ಲಿ ಮಾನಮ್ಮ ಮಗಳ ಬಾಣಂತನಕ್ಕೆ ಕಲಬುರ್ಗಿಗೆ ಹೋಗಿ ಮೂರು ತಿಂಗಳಿಗೆ ಬಂದಾಗ ಗೂಡಿನಲ್ಲಿ ಗೌರಿ ಇರಲಿಲ್ಲ. ಬದಲಿಗೆ ಯಾವುದೋ ಜವಳಿ ಅಂಗಡಿಯ ಕ್ಯಾಲೆಂಡರಿನ ಲಕ್ಷ್ಮಿ ಇದ್ದಳು.

"ಎಲ್ಲಿ ಚಿತ್ರ?"

"ರಾಷ್ಟ್ರಕ್ಕೆ ಕೊಟ್ಟೆ," ಅಂದರು ಭಗವಂತರಾಯರು, ಎದೆ ಉಬ್ಬಿಸಿ. ಹಲಸೂರು ಕೆರೆಯ ಆಚೆ, ಹಳೇ ಮಿಲಿಟರಿ ಬಂಗಲೆಯಲ್ಲಿ ರಾಷ್ಟ್ರೀಯ ಲಲಿತಕಲಾ ಸಂಕುಲ ಅಂತ ಭಾರೀ ಮ್ಯೂಸಿಯಂ ಆಗುತ್ತಿದೆ, ಪೇಪರಿನಲ್ಲಿ ಹಳೇ ಚಿತ್ರ ಕೊಡಿ ಅಂತ ಹಾಕಿದ್ದರು, ಕೊಟ್ಟೆ. "ನನ್ನ ಹೆಸರು ಬೋರ್ಡಿನ ಮ್ಯಾಲ ಬರ್ತದ. ದಾನಿಗಳು ಅಂತ."

"ಯಾರನ್ನ ಕೇಳಿ ಕೊಟ್ರಿ?"

"ಕೇಳೂದೇನದ? ಮನಿ ಯಜಮಾನ ನಾನು."

ತುಟಿ ಕೆಳಗೆ ಹೋಯಿತು, ಅವತ್ತು ಮೇಲೆ ಬರಲಿಲ್ಲ. ಕೊಟ್ಟದ್ದನ್ನು ವಾಪಸು ಕೇಳುವಂತಿಲ್ಲ ಎಂದು ಕಾಗದದಲ್ಲಿ ಬರೆದಿತ್ತು, ಅದನ್ನು ಅವಳೇ ಓದಿದಳು. ಹೋಗಲಿ, ಅಪ್ಪನ ಚಿತ್ರ ಹತ್ತು ಜನ ನೋಡುವಲ್ಲಿ ಇರುತ್ತದಲ್ಲ, ಕೆಳಗೆ ಅಪ್ಪನ ಹೆಸರಿರುತ್ತದಲ್ಲ ಅಂತ ಮನಸ್ಸು ಗಟ್ಟಿ ಮಾಡಿಕೊಂಡಳು. ಆ ಒಂದು ಹೆಸರು ನೋಡಬೇಕೆಂಬ ಆಸೆಯಲ್ಲೇ ಒಂದು ವರ್ಷ ಕಳೆದಳು.

ಮ್ಯೂಸಿಯಂ ತೆರೆದದ್ದು ಮರುವರ್ಷ. ಆಗಲೇ ಕ್ವಾರ್ಟರ್ಸಿನ ನಿವಾಸಿಗಳ ಸಂಘದ ಚುನಾವಣೆಯೂ ಬಂದಿತ್ತು. ಅಧ್ಯಕ್ಷಗಿರಿಗೆ ಒಂದು ಕಡೆ ಭಗವಂತರಾಯರು, ಇನ್ನೊಂದು ಕಡೆ ವಿಮಲಾಕ್ಷಿಯ ಗಂಡ ಮುತ್ತುರಾಜ. ಮತದಾನಕ್ಕೆ ಒಂದು ವಾರ ಇರುವಾಗ ಭಗವಂತರಾಯರು ತಮ್ಮ ಖರ್ಚಿನಲ್ಲಿ ಟೆಂಪೊ ಟ್ರಾವೆಲರ್ ಮಾಡಿಸಿ ಹನ್ನೆರಡು ಜನರನ್ನು ಮ್ಯೂಸಿಯಂ ನೋಡಲು ಹೊರಡಿಸಿದರು. ಎದುರಾಳಿಯನ್ನೂ ಕರೆದರು, ಹೊಟ್ಟೆ ಉರಿಯಲಿ ಅಂತ. ಮುತ್ತುರಾಜ ಪುಕ್ಕಟೆ ಸವಾರಿ ಯಾಕೆ ಬಿಡಬೇಕು ಅಂತ ಹೆಂಡತಿ ಸಮೇತ ಹತ್ತಿದ.

ಸಂಕುಲ ಅಂದರೆ ಸಂಕುಲವೇ. ಗೇಟಿನಿಂದ ಬಾಗಿಲಿಗೆ ಒಂದು ಫರ್ಲಾಂಗು ಹುಲ್ಲು, ಹುಲ್ಲಿನ ಮೇಲೆ ಕಾಲಿಡಬೇಡಿ ಅಂತ ಬೋರ್ಡು. ಮಧ್ಯದಲ್ಲಿ ತುಕ್ಕು ಹಿಡಿದ ಕಬ್ಬಿಣದ ಗೋಳ, ಒಂದು ಆಳು ಎತ್ತರ.

"ಇದೇನ್ರೀ, ನೀರಿನ ಟ್ಯಾಂಕಾ?" ಅಂದಳು ವಿಮಲಾಕ್ಷಿ.

"ಮಾಡರ್ನ್ ಆರ್ಟು," ಅಂದರು ಭಗವಂತರಾಯರು. "ಅರ್ಥ ಆಗೋದಕ್ಕೆ ಸ್ವಲ್ಪ ಸಂಸ್ಕಾರ ಬೇಕು."

"ನಮ್ ಶಿವಾಜಿನಗರದ ಗುಜರಿಯವ್ರಿಗೆ ಆ ಸಂಸ್ಕಾರ ಇದೆ ಗುರು," ಅಂದ ಮುತ್ತುರಾಜ. "ನೋಡಿದ ತಕ್ಷಣ ಕೆಜಿ ಲೆಕ್ಕದಲ್ಲಿ ಅರ್ಥ ಮಾಡ್ಕೋತಾರೆ."

ಮಾನಮ್ಮ ನಗಲಿಲ್ಲ. ಅವಳ ಕಣ್ಣು ಬಾಗಿಲಿನ ಮೇಲಿತ್ತು. ಒಳಗೆ ತಂಪು ಗಾಳಿ ಬೀಸುವ ಒಂದಾದ ಮೇಲೊಂದು ಕೋಣೆ. ಬಿಳೀ ಗೋಡೆ. ಜನ ಚಪ್ಪಲಿ ಸಪ್ಪಳ ಮಾಡದೆ ನಡೆಯುತ್ತಿದ್ದರು. ಒಂದು ಚಿತ್ರದ ಮುಂದೆ ನಿಂತು ತಲೆ ಓರೆ ಮಾಡುವುದು, 'ಹ್ಮ್' ಅನ್ನುವುದು, ಮುಂದಕ್ಕೆ ಹೋಗುವುದು. ಒಂದು ಎಲೆ ಅಡಿಕೆ ಜಗಿಯುವಷ್ಟು ಹೊತ್ತು ಯಾರೂ ಯಾವುದರ ಮುಂದೂ ನಿಲ್ಲಲಿಲ್ಲ. 'ನೋಡಾಕ ಬಂದಾರೋ, ಹಾಜರಿ ಹಾಕಾಕ ಬಂದಾರೋ,' ಅಂದುಕೊಂಡಳು.

ಗೌರಿ ಮೂರನೇ ಹಾಲಿನಲ್ಲಿದ್ದಳು. ಒಂದು ಪುಟ್ಟ ದೀಪ ನೆತ್ತಿಯಿಂದ ಬೆಳಕು ಬಿಟ್ಟಿತ್ತು. ಚಿನ್ನದ ರೇಕು ಅಷ್ಟು ಹೊಳೆಯುವುದನ್ನು ಮಾನಮ್ಮ ಎಂದೂ ನೋಡಿರಲಿಲ್ಲ. ಒಂದು ಗಳಿಗೆ ಅವಳಿಗೆ ಸಂತೋಷವೇ ಆಯಿತು. ಆಮೇಲೆ ಬೋರ್ಡು ಓದಿದಳು. ಇಂಗ್ಲಿಷಿನ ಕೆಳಗೆ ಕನ್ನಡದಲ್ಲೂ ಇತ್ತು:

'ಉಯ್ಯಾಲೆ ಗೌರಿ. ಹದಿನೆಂಟನೇ ಶತಮಾನ. ಕಲಾವಿದ: ಅಜ್ಞಾತ. ದಾನಿಗಳು: ಶ್ರೀ ಭಗವಂತರಾಯರು, ತಮ್ಮ ಪೂರ್ವಜರ ವಾಡೆಯ ಸಂಗ್ರಹದಿಂದ. ಎಡಗಾಲಿನಲ್ಲಿ ಕಾಲುಂಗುರವಿಲ್ಲದಿರುವುದು ದೇವಿಯ ಅರೆ-ವೈರಾಗ್ಯವನ್ನು ಸೂಚಿಸುತ್ತದೆ. ಹಿಂಬದಿಯಲ್ಲಿ ಮಂತ್ರಾಕ್ಷರಗಳಿದ್ದು ಇನ್ನೂ ಓದಲಾಗಿಲ್ಲ, ತಾಂತ್ರಿಕ ಸ್ವರೂಪದವಿರಬಹುದು.'

ಪಕ್ಕದಲ್ಲೇ ಆ ಮಂತ್ರಾಕ್ಷರಗಳ ದೊಡ್ಡ ಫೋಟೋ ಗಾಜಿನೊಳಗಿತ್ತು.

"ನೋಡಿದ್ರಾ?" ಅಂದರು ಭಗವಂತರಾಯರು ಎಲ್ಲರ ಕಡೆ ತಿರುಗಿ. "ಇನ್ನೂರು ವರ್ಷ. ನಮ್ಮ ಮುತ್ತಜ್ಜನ ಪೂಜಾ ಕೋಣೆಯಲ್ಲಿ ಇದ್ದದ್ದು. ತಂತ್ರವಿದ್ಯೆ ನಮ್ಮ ಮನೆತನದಲ್ಲಿ..."

ಮಾನಮ್ಮ ಆ ಫೋಟೋದ ಹತ್ತಿರ ಹೋದಳು. ಅಪ್ಪನ ಕೈಬರಹ. ಮೋಡಿ ಅಕ್ಷರ: ಆ ಸೀಮೆಯ ಶಾನುಭೋಗರು ಲೇಖಣಿ ಎತ್ತದೆ ಒಂದೇ ಎಳೆಯಲ್ಲಿ ಗೀಚುತ್ತಿದ್ದ ಕನ್ನಡ. ಅವರನ್ನು ನೋಡಿ ಅಪ್ಪ ಕಲಿತಿದ್ದ, ಅವಳಿಗೂ ಕಲಿಸಿದ್ದ. ಚೌಕಟ್ಟಿನ ಹಿಂದಿನ ಕಾಗದ ಇವರು ಕಿತ್ತಿರಬೇಕು. ಅಲ್ಲಿ ಅಪ್ಪ ಏನೋ ಬರೆದಿದ್ದಾನೆಂದು ಅವಳಿಗೇ ಗೊತ್ತಿರಲಿಲ್ಲ. ಬೆರಳು ಹಿಡಿದು ಓದತೊಡಗಿದಳು. ಕಾವಲುಗಾರ, "ಅಮ್ಮಾ, ಮುಟ್ಟಬಾರದು," ಅಂದ.

"ಮುಟ್ಟಿಲ್ಲಪ್ಪ, ಓದ್ಲಿಕತ್ತೀನಿ."

ಆ ಮಾತು ಕೇಳಿ ಅಲ್ಲೇ ಇದ್ದ ಮ್ಯೂಸಿಯಮ್ಮಿನ ಹುಡುಗಿಯೊಬ್ಬಳು ಓಡಿ ಬಂದಳು. ಶೀತಲ್ ಅಂತ, ಕೊರಳಲ್ಲಿ ಗುರುತಿನ ಚೀಟಿ. ಜೋಗುಪಾಳ್ಯದವಳು. "ಅಮ್ಮಾ, ಇದನ್ನ ಓದೋಕೆ ಬರುತ್ತಾ ನಿಮಗೆ? ಪುಣೆಯಿಂದ ಪ್ರೊಫೆಸರ್ ಬಂದ್ರು, ಆಗ್ಲಿಲ್ಲ. ದಿಲ್ಲಿಯವ್ರು ಬಂದ್ರು, ಬೀಜಾಕ್ಷರ ಅಂದ್ಬಿಟ್ರು."

"ಬೀಜಾಕ್ಷರ!" ಮಾನಮ್ಮನ ತುಟಿ ಕೆಳಗೆ ಬಂತು. "ಕೇಳ್ರಿ ಹಂಗಾದ್ರ." ಜೋರಾಗಿ, ಹನ್ನೆರಡು ಜನಕ್ಕೂ ಕೇಳುವ ಹಾಗೆ ಓದಿದಳು:

"'ಪಾರ್ಥಿವ ಸಂವತ್ಸರ. ನಾಗರಪಂಚಮಿ ದಿವಸ ನಸುಕಿನಾಗ ಮನೆಯಲ್ಲಿ ಹೆಣ್ಣು ಹುಟ್ಟಿತು. ಅದೇ ದಿವಸ ಸಂಜೆ ಕರಿ ಎಮ್ಮೆ ಈಯಿತು, ಅದೂ ಹೆಣ್ಣೇ. ಬಾಣಂತಿಗೆ ಎಡಗಾಲು ಬಾತದ್ದು ಇನ್ನೂ ಇಳಿದಿಲ್ಲ, ಕಾಲುಂಗುರ ತೆಗೆದಿಟ್ಟಿದೆ. ಎಮ್ಮೆಗೆ ಹಿಂಡಿ ತರುವುದು. ಗೌರಿ ಚಿತ್ರ ಮುಗಿಯಿತು. ಬರೆದಾತ ಸಂಗನಬಸಪ್ಪ ಚಿತ್ರಗಾರ, ಸುರಪುರ.' ಮುಗೀತು ಮಂತ್ರ."

ಶೀತಲ್ ಬಗ್ಗಿ ಬೋರ್ಡನ್ನೂ ಫೋಟೋವನ್ನೂ ಮತ್ತೊಮ್ಮೆ ನೋಡಿದಳು.

"ಆ ಹೆಣ್ಣು ನಾನೇ," ಅಂದಳು ಮಾನಮ್ಮ. "ನನಗ ಐವತ್ತೆಂಟು. ಇನ್ನೂರಲ್ಲ. ಗೌರಿ ಮುಖ ನಮ್ಮವ್ವಂದು. ಎಡಗಾಲಿನ ಬೆರಳು ನೋಡ್ರಿ, ಬಾತದ. ಅದಕ್ಕ ಕಾಲುಂಗುರ ಇಲ್ಲ. ವೈರಾಗ್ಯ ಅಂತ ವೈರಾಗ್ಯ! ಹಡದಾಕಿಗೆ ಎಲ್ಲಿ ವೈರಾಗ್ಯ?"

"ರಾಯರೇ," ಮುತ್ತುರಾಜ ಮೆಲ್ಲಗೆ ಕೇಳಿದ, "ಆನೆ ಕಟ್ತಿದ್ರಿ ಅಂದ್ರಲ್ಲ, ಅದು ಎಮ್ಮೆನಾ?"

ವಿಮಲಾಕ್ಷಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಗೋಡೆ ಕಡೆ ತಿರುಗಿದಳು. ಭಗವಂತರಾಯರ ಮುಖ ಸುಣ್ಣ ಬಳಿದ ಹಾಗಾಯಿತು. "ಇಕಿಗೆ ವಯಸ್ಸಾಗ್ಯದ, ಏನೇನೋ..." ಅಂತ ಶುರು ಮಾಡಿದರು.

ಅಷ್ಟರಲ್ಲಿ ಶೀತಲ್ ಹೋಗಿ ಡೈರೆಕ್ಟರನ್ನು ಕರೆತಂದಳು. ದಿಲ್ಲಿಯಿಂದ ಬಂದವನು. ಖಾದಿ ಜುಬ್ಬಾ, ಹೆಗಲಿಗೆ ಶಾಲು, ಮುಖದ ತುಂಬ ಆಯಾಸ. ಶೀತಲ್ ಹೇಳಿದ್ದನ್ನೆಲ್ಲ ಕೇಳಿದ. ಕೇಳಿ, ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿದ.

"ಏನಂತಾನ?" ಅಂದಳು ಮಾನಮ್ಮ.

ಶೀತಲ್ ತಲೆ ತಗ್ಗಿಸಿದಳು. "ಇದು ಒಂದು ಅಭಿಪ್ರಾಯ ಅಂತಾರೆ ಅಮ್ಮಾ. ವಿದ್ವಾಂಸರದ್ದು ಬೇರೆ ಅಭಿಪ್ರಾಯ ಇರಬಹುದಂತೆ."

"ನಾ ಹುಟ್ಟಿದ್ದು ಅಭಿಪ್ರಾಯ ಏನು?"

ಅದನ್ನು ಶೀತಲ್ ಇಂಗ್ಲಿಷಿಗೆ ಹೇಗೆ ತಂದಳೋ, ಡೈರೆಕ್ಟರ್ ಸ್ವಲ್ಪ ಹಿಂದೆ ಸರಿದ. ಆಮೇಲೆ ಅವಳ ಹತ್ತಿರ ಬಹಳ ಹೊತ್ತು ಮಾತಾಡಿದ. ಅವಳು ಬಂದು ಸಾರಾಂಶ ಹೇಳಿದಳು. ಬೋರ್ಡಿನಲ್ಲಿರುವುದೆಲ್ಲ ದಾನಿಗಳು ಸಹಿ ಹಾಕಿ ಕೊಟ್ಟ ಹೇಳಿಕೆಯ ಮೇಲೆ ಬರೆದದ್ದು. 'ಇನ್ನೂರು ವರ್ಷದ್ದು, ಬರೆದವರು ಗೊತ್ತಿಲ್ಲ' ಅಂತ ಭಗವಂತರಾಯರೇ ಬರೆದುಕೊಟ್ಟಿದ್ದಾರೆ. ತಾನು ಹೇಳಿದ್ದು ತಪ್ಪು ಅಂತ ಅವರೇ ಬರೆದುಕೊಟ್ಟರೆ ಸಂಗನಬಸಪ್ಪನ ಹೆಸರು ದಾಖಲೆಗೆ ಸೇರುತ್ತದೆ. "ಆದ್ರೆ ಅಮ್ಮಾ, ಇನ್ನೊಂದಿದೆ. ಈ ಹಾಲು ಹಳೇ ಕಾಲದ ಚಿತ್ರಗಳಿಗೆ. ನಲವತ್ತೈದನೇ ಇಸವಿದು, ಊರಿನ ಚಿತ್ರಗಾರಂದು ಅಂತಾದ್ರೆ ಇಲ್ಲಿಡೋದಿಲ್ಲ. ನೆಲಮಾಳಿಗೆ ಸ್ಟೋರಿಗೆ ಹೋಗುತ್ತೆ. ಹೀಗೇ ಇರ್ಲಿ ಅಂದ್ರೆ ಇಲ್ಲೇ ಇರುತ್ತೆ. ದಿನಾ ನೂರಾರು ಜನ ನೋಡ್ತಾರೆ."

ಭಗವಂತರಾಯರಿಗೆ ಹೋದ ಜೀವ ಬಂದಂತಾಯಿತು. ಹೆಂಡತಿಯನ್ನು ಮೂಲೆಗೆ ಕರೆದರು. ಆದರೆ ಆ ಹಾಲಿನಲ್ಲಿ ಪಿಸುಮಾತೂ ಗೋಡೆಯಿಂದ ಗೋಡೆಗೆ ಹೋಗುತ್ತಿತ್ತು.

"ಕೇಳಿದಿಲ್ಲೋ? ನಿಮ್ಮಪ್ಪನ ಚಿತ್ರ ಇಲ್ಲೇ ಝಗಝಗ ಅಂತ ಇರ್ತದ. ನಾ 'ಅಜ್ಞಾತ' ಅಂತ ಬರದಿದ್ದಕ್ಕೇ ಇಷ್ಟು ಗೌರವ ಸಿಕ್ಕದ. ಸಂಗನಬಸಪ್ಪ ಅಂದ್ರ ಯಾರಿಗೆ ಗೊತ್ತದ? ನಾ ಮಾಡಿದ್ದು ಉಪಕಾರ."

"ಉಪಕಾರ."

"ಮನಿಗೆ ಹೋಗಿ ಮಾತಾಡೋಣು. ರವಿವಾರ ಓಟಿಂಗ್ ಅದ, ನಿನಗ ಗೊತ್ತದ. ಇಷ್ಟು ಮಂದಿ ಮುಂದ ನಾ ಸುಳ್ಳ ಹೇಳೀನಿ ಅಂತ ಹೆಂಗ ಬರ್ಕೊಡ್ಲಿ?"

ಮಾನಮ್ಮ ಅವರ ಮಾತಿಗೆ ಉತ್ತರ ಕೊಡುವ ಮೊದಲು ತಿರುಗಿ ಗೌರಿಯನ್ನು ನೋಡಿದಳು. ನಿಜ ಹೇಳಬೇಕೆಂದರೆ ಅವಳ ಮನಸ್ಸೂ ಹೊಯ್ದಾಡಿತು. ಅಷ್ಟು ಬೆಳಕು. ಅವ್ವನ ಮುಖದ ಮೇಲೆ ಅಂಥ ಬೆಳಕನ್ನು ಅವಳೂ ಕಂಡಿರಲಿಲ್ಲ, ಬರೆದ ಅಪ್ಪನೂ ಕಂಡಿರಲಿಲ್ಲ. ಇದನ್ನು ಆರಿಸಿ, ನೆಲದ ಕೆಳಗೆ ಕಳಿಸು ಅಂತ ತನ್ನ ಬಾಯಿಂದಲೇ ಹೇಳಬೇಕೇ? ಆ ಹೊತ್ತಿಗೇ ಕಪ್ಪು ಕನ್ನಡಕ ನೆತ್ತಿಗೇರಿಸಿದ ಗಂಡ ಹೆಂಡತಿ ಬಂದರು. ಹೆಂಡತಿ ಬೋರ್ಡು ಓದಿದಳು, "ವಾವ್, ತಾಂತ್ರಿಕ್," ಅಂದಳು. ಗಂಡ ಫೋನ್ ನೋಡಿಕೊಂಡ. ಗೌರಿಯ ಮುಖ ಇಬ್ಬರೂ ನೋಡಲಿಲ್ಲ. ಹೋದರು.

ಮಾನಮ್ಮನಿಗೆ ಎಲ್ಲ ತಿಳಿಯಾಯಿತು. ಈ ನೂರಾರು ಜನ ನೋಡುತ್ತಿರುವುದು ಬೋರ್ಡನ್ನು. ಬೋರ್ಡಿನಲ್ಲಿರುವುದು ತನ್ನ ಗಂಡನ ಬೊಗಳೆ. ಅಂದರೆ ದೇಶದ ದುಡ್ಡಿನಲ್ಲಿ ಬಂಗಲೆ ಸಜ್ಜು ಮಾಡಿಸಿ, ತಂಪು ಗಾಳಿ ಬಿಡಿಸಿ, ಕಾವಲು ಹಾಕಿಸಿ ಇಟ್ಟಿರುವುದು ಅಪ್ಪನ ಚಿತ್ರವನ್ನಲ್ಲ, ಭಗವಂತರಾಯರ ಪಡಸಾಲೆ ಮಾತನ್ನು.

"ಕತ್ತಲದಾಗೇ ಇರ್ಲಿ," ಅಂದಳು. "ನಮ್ಮಪ್ಪ ಕತ್ತಲ ಮನ್ಯಾಗೇ ಕೂತು ಬರದಾನ. ನಮ್ಮವ್ವಗ ಕತ್ತಲಿ ಹೊಸದಲ್ಲ. ಹೆಸರು ಹಾಕ್ರಿ."

"ಏ, ನೀ ಸ್ವಲ್ಪ..."

"ರೀ." ಮೂವತ್ತೇಳು ವರ್ಷದ ಸಂಸಾರದಲ್ಲಿ ಆ 'ರೀ' ಭಗವಂತರಾಯರ ಕಿವಿಗೆ ಹಾಗೆ ಬಿದ್ದಿರಲಿಲ್ಲ. "ನಿಮ್ಮಪ್ಪ ಬಟ್ಟಿ ಅಳೀತಿದ್ರು. ಒಂದು ಗೇಣು ಕಮ್ಮಿ ಅಳದವರಲ್ಲ, ಶಹಾಪುರದ ಮಂದಿ ಇವತ್ತೂ ಹೇಳ್ತಾರ. ಅಂಥವರನ್ನ ನೀವು ಬೆಂಗಳೂರಿಗೆ ಬಂದು ಅಳಿಸಿ ಹಾಕಿ, ಧಣಿ ಅಂತ ಬ್ಯಾರೆ ಯಾರನ್ನೋ ಕೂಡ್ಸಿದ್ರಿ. ನಿಮ್ಮಪ್ಪ, ನಿಮ್ಮ ಖುಷಿ. ನಾ ಬಾಯಿ ಬಿಡ್ಲಿಲ್ಲ. ನಮ್ಮಪ್ಪನ್ನ ಅಳಿಸ್ಲಿಕ್ಕೆ ನೀವ್ಯಾರು? ಬರೀರಿ."

ಮುತ್ತುರಾಜನ ಮುಖದ ಮೇಲಿನ ನಗೆಯೂ ಹೋಗಿತ್ತು. ಎದುರಾಳಿಯನ್ನು ಇಷ್ಟು ಸಲೀಸಾಗಿ ಗೆಲ್ಲುವುದು ಅವನಿಗೂ ಮುಜುಗರ. "ಬನ್ನಿ ರಾಯರೇ, ನಾನು ಹೊರಗಡೆ ಇರ್ತೀನಿ. ಇದೆಲ್ಲಾ ಯಾರಿಗೂ ಹೇಳಕ್ಕೋಗಲ್ಲ," ಅಂದ. ಹೇಳಿದ, ಆ ಮಾತು ಬೇರೆ.

ಶೀತಲ್ ಒಂದು ಹಾಳೆ, ಪೆನ್ನು ತಂದಳು. ಬರೆಯಲು ಮೇಜಿರಲಿಲ್ಲ. ಸಂದರ್ಶಕರು ಕೂರುವ ಬೆಂಚಿನ ಮೇಲೆ ಭಗವಂತರಾಯರು ಬಗ್ಗಿ ಕೂತು, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆದರು: ಸದರಿ ಚಿತ್ರ ನನ್ನ ಪೂರ್ವಜರದ್ದಲ್ಲ. ನಮ್ಮ ಮನೆತನಕ್ಕೆ ವಾಡೆ ಇರಲಿಲ್ಲ. ಚಿತ್ರ ಬರೆದವರು ನನ್ನ ಮಾವನವರಾದ ಸಂಗನಬಸಪ್ಪ ಚಿತ್ರಗಾರ. ವಾಡೆಯ ಸಾಲು ಬರೆಯುವ ಅಗತ್ಯವೇ ಇರಲಿಲ್ಲ. ಯಾರೂ ಕೇಳಿರಲಿಲ್ಲ. ಅವರೇ ಬರೆದರು. ಅದನ್ನು ನೋಡಿ ಮಾನಮ್ಮ ಮೊದಲ ಬಾರಿಗೆ ಅವರ ಪಕ್ಕ ಕೂತಳು.

ಎರಡು ದಿನದಲ್ಲಿ ಗೌರಿ ಕೆಳಗಿಳಿದಳು. ಭಗವಂತರಾಯರು ನಾಮಪತ್ರ ವಾಪಸು ತೆಗೆದುಕೊಂಡರು. ಮುತ್ತುರಾಜ ಅಧ್ಯಕ್ಷನಾಗಿ ನೀರಿನ ಮೋಟಾರಿನ ಜಗಳದಲ್ಲಿ ಮುಳುಗಿದ. ರೊಟ್ಟಿ ಬಡಿಯುವ ಕೈಗೆ ಈಗ ಜೋರು ಮಾಡುವ ಕೆಲಸ ಉಳಿಯಲಿಲ್ಲ. ಪಡಸಾಲೆಯಲ್ಲಿ ಕೂತು ಭಗವಂತರಾಯರು ಪೇಪರು ಓದುತ್ತಿದ್ದರು, ಮತ್ತು ಒಮ್ಮೊಮ್ಮೆ, ಯಾರಾದರೂ ಕೇಳಿದರೆ, ಒಳ್ಳೇ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ಗುರುತು ಹಿಡಿಯುವುದು ಹೇಗೆ ಅಂತ ಹೇಳುತ್ತಿದ್ದರು.

ಗೌರಿ ಹಬ್ಬ ಬಂದಾಗ ಮಾನಮ್ಮ ಒಬ್ಬಳೇ ಬಸ್ಸು ಹತ್ತಿ ಸಂಕುಲಕ್ಕೆ ಹೋದಳು. ಸ್ಟೋರಿನಲ್ಲಿರುವ ಚಿತ್ರ ನೋಡಬೇಕೆಂದರೆ ಅರ್ಜಿ ತುಂಬಬೇಕಿತ್ತು. ಚಿತ್ರದ ಸಂಖ್ಯೆ ಬರೆದಳು. ಕಲಾವಿದರ ಹೆಸರು ಅಂತಿದ್ದಲ್ಲಿ ಸಂಗನಬಸಪ್ಪ ಅಂತ ಬರೆದಳು, ನಿಧಾನವಾಗಿ. ಕೊನೆಯಲ್ಲಿ ಭೇಟಿಯ ಉದ್ದೇಶ ಅಂತ ಇತ್ತು, ಅದರ ಮುಂದೆ ಮೂರು ಚೌಕ: ಸಂಶೋಧನೆ, ಛಾಯಾಗ್ರಹಣ, ದುರಸ್ತಿ. ಮೂರನ್ನೂ ಬಿಟ್ಟು ಕೆಳಗೆ ಖಾಲಿ ಜಾಗದಲ್ಲಿ 'ನೋಡಲಿಕ್ಕೆ' ಅಂತ ಬರೆದಳು.

ಕಿಟಕಿಯೊಳಗಿನ ಗುಮಾಸ್ತ ಅರ್ಜಿಯನ್ನು ತಿರುಗಿಸಿ ನೋಡಿದ. "ಅಮ್ಮಾ, ಹೀಗೆ ಬರೆಯೋ ಹಾಗಿಲ್ಲ. ನೋಡೋದು ಅನ್ನೋ ಉದ್ದೇಶ ನಮ್ಮ ಫಾರಮ್ಮಲ್ಲಿ ಇಲ್ಲ."

"ಅದು ಗೊತ್ತದಪ್ಪ," ಅಂದಳು ಮಾನಮ್ಮ. "ಮ್ಯಾಲಿನ ಹಾಲಿನಾಗ ಮಂದೀನ ನೋಡೀನಿ." ಅರ್ಜಿ ಅವನ ಕೈಯಲ್ಲೇ ಬಿಟ್ಟು, ನೆಲಮಾಳಿಗೆಯ ಮೆಟ್ಟಿಲು ಇಳಿಯತೊಡಗಿದಳು. ಪಕ್ಕದ ಕೋಣೆಯಿಂದ ಇದನ್ನೆಲ್ಲ ಕೇಳಿಸಿಕೊಂಡ ಶೀತಲ್ ಬೀಗದಕೈ ಹಿಡಿದು ಹಿಂದೆ ಓಡಿದಳು.